ಹನ್ನೆರಡು ನಿಮಿಷದ ನೀರು

ಗಂಜಿಗೆ ಉಪ್ಪು ಸಾಲದಾಗಿತ್ತು. ಉಪ್ಪು ಕೊಡು ಎಂದು ಹೆಂಡತಿಯನ್ನು ಕೇಳಲು ಲಾಕ್ಲನ್ ಮೆಕ್‌ಫೇಲ್ ಬಾಯಿ ತೆರೆದರೆ ಸತ್ತವನ ಧ್ವನಿ ಬಂತು. “ಚೂರು ಉಪ್ಪು ಸಿಗಬಹುದೇನೋ ಅಂತೀನೀ?” ಕೊನೆಯ ಅಕ್ಷರವನ್ನು ಏಣಿ ಹತ್ತಿಸಿ ಮೇಲೆ ಕೂರಿಸಿ ಬರುವ ಆ ವೇಲ್ಸ್ ಸೀಮೆಯ ರಾಗ, ಮೂಗಿನ ತುದಿಯಲ್ಲಿ ಹುದುಗಿದ ನಗು, ಎಲ್ಲವೂ ಇದ್ದವು. ಒಲೆಯ ಮುಂದಿದ್ದ ಇಷ್‌ಬೆಲ್‌ಳ ಬೆನ್ನು ಸೆಟೆಯಿತು. ಅವಳು ತಿರುಗದೆ, “ಲಾಕಿ, ಅನ್ನದ ಮುಂದೆ ಬೇಡ. ಆ ಮನುಷ್ಯ ಇನ್ನೂ ನೀರಿನಡಿ ಇದ್ದಾನೆ,” ಎಂದಳು. ಬೇಕೆಂದು ಮಾಡಿದ್ದಲ್ಲ ಎಂದು ಹೇಳಬೇಕೆನಿಸಿತು. ಆದರೆ ಅದನ್ನು ಹೇಳಲು ಮತ್ತೆ ಬಾಯಿ ತೆರೆಯಬೇಕಲ್ಲ. ತೆರೆದರೆ ಯಾರು ಹೊರಗೆ ಬರುತ್ತಾರೋ. ಸುಮ್ಮನೆ ತಲೆಯಾಡಿಸಿ ಸಪ್ಪೆ ಗಂಜಿಯನ್ನೇ ಉಂಡ. ಆರು ವಾರಗಳಿಂದ ಹೀಗೇ. ಅಂಗಡಿಯಲ್ಲಿ ಹೊಗೆಸೊಪ್ಪು ಕೇಳುವಾಗ ಒಂದು ಸಲ, ಚರ್ಚಿನಲ್ಲಿ ಎಲ್ಲರ ಜೊತೆ ಪ್ರಾರ್ಥನೆ ಒಪ್ಪಿಸುವಾಗ ಇನ್ನೊಂದು ಸಲ. ಆ ದಿನ ಮುಂದಿನ ಬೆಂಚಿನ ಮುದುಕಿ ತಿರುಗಿ ನೋಡಿ, ಇವನೇ ಎಂದು ಗೊತ್ತಾಗಿ, ಮೋರೆ ತಿರುವಿಕೊಂಡಿದ್ದಳು.

ಮೊದಲೆಲ್ಲ ಹೀಗಿರಲಿಲ್ಲ. ಅವನ ಗಂಟಲೆಂದರೆ ಒಂದು ಛತ್ರ. ಪಾದ್ರಿ, ಅಂಚೆಯವಳು, ಹೆರಿಂಗ್ ಮೀನಿನ ದಲ್ಲಾಳಿ, ಸತ್ತುಹೋದ ಸೋದರಮಾವ, ವಾಯುಪಡೆಯ ಶಿಬಿರದ ದೊಡ್ಡ ಸಾಹೇಬರು, ಎಲ್ಲರೂ ಅಲ್ಲಿ ಇಳಿದುಕೊಂಡಿದ್ದರು. ಇವನು ಕರೆದಾಗ ಹೊರಗೆ ಬಂದು, ಎರಡು ಮಾತಾಡಿ, ನಗಿಸಿ ಒಳಗೆ ಹೋಗುತ್ತಿದ್ದರು. ಏಳು ವರ್ಷದವನಿದ್ದಾಗ, ಮನೆಯ ಗೇಲಿಕ್ ಮಾತು ಬಾಯಿಗೆ ಬಂದರೆ ಅಂಗೈ ಮೇಲೆ ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದ ಮೇಷ್ಟರ ಹತ್ತಿರವೇ ಇಂಗ್ಲಿಷು ಕಲಿತಿದ್ದರಿಂದ, ಇವನಿಗೆ ಬಂದ ಇಂಗ್ಲಿಷು ಮೇಷ್ಟರ ಕೆಮ್ಮಿನ ಸಮೇತ ಬಂತು. ಎದ್ದು ನಿಂತು ಉತ್ತರ ಹೇಳಿದರೆ ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು, ಮೇಷ್ಟರು ಯಾಕೆಂದು ತಿಳಿಯದೆ ಮತ್ತೆ ಬಾರಿಸುತ್ತಿದ್ದರು. ಹೊಡೆತ ತಿಂದ ಕೈಯನ್ನು ಕಂಕುಳಲ್ಲಿಟ್ಟುಕೊಂಡು ಅವನಿಗೆ ತಿಳಿದದ್ದು ಒಂದೇ: ತನ್ನ ಮಾತಿಗೆ ಪೆಟ್ಟು, ಬೇರೆಯವರ ಮಾತಿಗೆ ನಗು. ನಲವತ್ತೊಂದಾದರೂ ಆ ಪಾಠ ಬದಲಾಗಿಲ್ಲ. ಕಳೆದ ಕ್ರಿಸ್‌ಮಸ್‌ಗೆ ಅಧಿಕಾರಿಗಳ ಊಟದ ಮನೆಗೆ ಕರೆಸಿದ್ದರು. ಕುರ್ಚಿ ಕೊಡಲಿಲ್ಲ; ಬಾಗಿಲ ಬಳಿ ನಿಲ್ಲಿಸಿ, ಕೈಗೊಂದು ವಿಸ್ಕಿ ಲೋಟ ಕೊಟ್ಟು, “ಎಲ್ಲಿ, ನಮ್ಮ ಗಿಳಿ ಮಾತಾಡಲಿ” ಎಂದರು. ಒಬ್ಬೊಬ್ಬರನ್ನೇ ಮಾಡಿ ತೋರಿಸಿದ. ಪ್ರತಿಯೊಬ್ಬನೂ ಪಕ್ಕದವನ ಸರದಿಗೆ ಮೇಜು ಗುದ್ದಿ ನಕ್ಕು, ತನ್ನದು ಬಂದಾಗ ಮಾತ್ರ “ನಾನು ಹಾಗಿಲ್ಲಪ್ಪ” ಎಂದ. ಹಾಗೆನ್ನದೆ ಇದ್ದವನು ಒಬ್ಬನೇ, ವೇಲ್ಸಿನ ವಿಮಾನಚಾಲಕ ಗೆಥಿನ್ ಪ್ರಾಸರ್. ಅವನು ಎದ್ದು ಬಂದು ಇವನ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿ, ಹಲ್ಲು ನೋಡುವ ವೈದ್ಯನ ಹಾಗೆ ಬಾಯೊಳಗೆ ಇಣುಕಿ, “ನಾನು ಒಳಗೇ ಇದ್ದೀನಲ್ರೋ! ಬಾಡಿಗೆ ಎಷ್ಟು ತಗೋತೀಯಾ ಅಂತೀನೀ?” ಎಂದಿದ್ದ.

ಈಗ ಎಲ್ಲರೂ ಛತ್ರ ಖಾಲಿ ಮಾಡಿದ್ದಾರೆ. ಪ್ರಾಸರ್ ಒಬ್ಬನೇ ಉಳಿದಿದ್ದಾನೆ, ಕರೆಯದೆ ಹೊರಗೆ ಬರುತ್ತಾನೆ.

ಇವತ್ತು ಹನ್ನೊಂದು ಗಂಟೆಗೆ ಪ್ರಾಸರನ ತಾಯಿಯನ್ನು ದೋಣಿಯಲ್ಲಿ ಕರೆದೊಯ್ಯಬೇಕು. ನಿನ್ನೆ ಸಂಜೆ ಶಿಬಿರದ ಆಡಳಿತಾಧಿಕಾರಿ ಹ್ಯಾಲಿಬರ್ಟನ್ ಕರೆಸಿ ಹೇಳಿದ್ದ. ಮಗನ ದೇಹ ಸಿಕ್ಕಿಲ್ಲ. ಸಮಾಧಿ ತೋರಿಸಲು ಸಮಾಧಿಯಿಲ್ಲ. ಮಗ ಮುಳುಗಿದ ಜಾಗ ನೋಡಬೇಕಂತೆ, ಹೂವು ಬಿಡಬೇಕಂತೆ. “ನಿನ್ನನ್ನೇ ಕೇಳಿದ್ದಾರೆ ಮೆಕ್‌ಫೇಲ್. ಹೆಸರು ಹಿಡಿದು,” ಎಂದು ಕಾಗದ ಓದಿ ಹುಬ್ಬೇರಿಸಿದ.

ಸ್ಕಾರವೇ ಕೊಲ್ಲಿಯ ದಂಡೆಗೆ ಇಳಿದಾಗ ಸಣ್ಣ ಗಾಳಿಯಿತ್ತು. ನೀರಿನ ಮೈಮೇಲೆ ಮುಳ್ಳೆದ್ದಿತ್ತು. ಒಳ್ಳೆಯ ನೀರು, ಕಣ್ಣಿಗೆ ಕಾಣುವ ನೀರು. ಆರು ವಾರಗಳಿಂದ ಅವನು ಬೆಳಿಗ್ಗೆ ಎದ್ದು ಮೊದಲು ನೋಡುವುದು ಇದನ್ನೇ. ಆಚೆ ದಡದ ಬೆಟ್ಟದ ನೆರಳಲ್ಲಿ, ನೀರಿನ ಮೇಲಿಂದಲೇ ಹಾರಿ ನೀರಿನ ಮೇಲೇ ಇಳಿಯುವ ನಾಲ್ಕು ವಿಮಾನಗಳು, ಹಾರುದೋಣಿಗಳು, ತೇಲುಗುಂಡುಗಳಿಗೆ ಕಟ್ಟಿಸಿಕೊಂಡು, ಮೈ ತುಂಬ ಹೊಟ್ಟೆಯ ಬಿಳಿ ಬಾತುಗಳ ಹಾಗೆ ಮೂಗು ಗಾಳಿಗೆ ಹಿಡಿದು ನಿಂತಿದ್ದವು. ಐದನೆಯ ತೇಲುಗುಂಡು ಬರಿದೇ ಕುಣಿಯುತ್ತಿತ್ತು. ದೋಣಿಯ ಎಂಜಿನ್ನು ನೋಡಿಕೊಳ್ಳುವ ಟಾರ್ಕ್ವಿಲ್ ಆಗಲೇ ಬಂದು, ಹಿತ್ತಾಳೆಯ ಕೊಳಾಯಿ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಐವತ್ತೆರಡರ ಆಳು, ಇವನ ಜೊತೆ ಹದಿನೈದು ವರ್ಷ ಬಲೆ ಎಳೆದವನು, ಯುದ್ಧ ಬಂದಾಗ ಮೀನುದೋಣಿ ಬಿಟ್ಟು ಇವನ ಬೆನ್ನಿಗೇ ಪಡೆಯ ದೋಣಿಗೆ ಸೇರಿದವನು.

“ಆ ಹೆಂಗಸು ಏನಾದ್ರೂ ಕೇಳಿದ್ರೆ?” ಎಂದ, ತಲೆಯೆತ್ತದೆ.

ಲಾಕ್ಲನ್ ಭುಜ ಹಾರಿಸಿದ.

“ಕೇಳ್ತಾಳೆ ಮಾರಾಯ. ಅಷ್ಟು ದೂರದಿಂದ ಮೂರು ರೈಲು ಹತ್ತಿ ಇಳಿದು ಬರ್ತಾ ಇರೋದು ಹವಾ ತಿನ್ನೋದಕ್ಕಲ್ಲ. ಕೇಳಿದ್ರೆ, ನೀರು ಉತ್ತಿದ್ವಿ ಅನ್ನು. ಸುಳ್ಳಲ್ಲ ಅದು. ಉತ್ತಿದ್ವಿ. ದೊಡ್ಡೋರ ಮುಂದೆ ಏನು ಹೇಳಿದ್ವೋ ಅದೇ.”

“ಯಾವಾಗ ಉತ್ತಿದ್ದು ಅಂತ ಕೇಳಿದ್ರೆ?” ಈ ಸಲ ಬಂದದ್ದು ತನ್ನದೇ ಧ್ವನಿ. ಒರಟಾಗಿ, ಬಳಸದೆ ತುಕ್ಕು ಹಿಡಿದ ಚಿಲಕದ ಹಾಗಿತ್ತು.

ಟಾರ್ಕ್ವಿಲ್ ಬಟ್ಟೆಯನ್ನು ಕೊಳಾಯಿಯ ಮೇಲೆ ಇಟ್ಟ. “ದೊಡ್ಡೋರೇ ಕೇಳ್ಲಿಲ್ಲ, ಇವಳೇನು ಕೇಳ್ತಾಳೆ? ನೋಡು ಲಾಕಿ, ನೀನೊಬ್ನೇ ಇದ್ದಿದ್ರೆ ನಿನ್ನಿಷ್ಟ. ಹಾಡ್ಕೊಳ್ಳಪ್ಪ ಅಂತಿದ್ದೆ. ಆದ್ರೆ ನಾನೂ ಇದ್ದೆ. ನಕ್ಕಿದ್ದು ನಾನು. ‘ಇನ್ನೊಂದ್ಸಲ ಮಾಡು’ ಅಂದಿದ್ದು ನಾನು. ನನಗೆ ಮೂರು ಹೆಣ್ಣುಮಕ್ಕಳು.”

ಉಳುವುದು ಎಂಬುದು ದೋಣಿಯವರೇ ಕೊಟ್ಟ ಹೆಸರು. ಕಾಗದಪತ್ರಗಳಲ್ಲಿ ಅದಕ್ಕೆ ಬೇರೆ ಉದ್ದನೆಯ ಹೆಸರಿದೆ. ಗಾಳಿ ಪೂರ್ತಿ ಸತ್ತ ದಿನ ಕೊಲ್ಲಿಯ ನೀರು ಕನ್ನಡಿಯಾಗುತ್ತದೆ. ಮೇಲಿನಿಂದ ಇಳಿಯುವವನಿಗೆ ಮೇಲೂ ಆಕಾಶ, ಕೆಳಗೂ ಆಕಾಶ, ನೀರು ಇಲ್ಲಿದೆ ಎಂದು ಹೇಳುವ ಒಂದು ಗೆರೆಯೂ ಇರುವುದಿಲ್ಲ. ಇನ್ನೂ ಐವತ್ತು ಅಡಿ ಇದೆ ಎಂದುಕೊಂಡವನು ಐದಡಿಯಲ್ಲಿರುತ್ತಾನೆ. ಅದಕ್ಕೇ, ಇಳಿಯುವ ಸ್ವಲ್ಪ ಮುಂಚೆ ದೋಣಿಯೊಂದು ಇಳಿದಾಣದ ಉದ್ದಕ್ಕೂ ಹಾವಿನ ಹಾಗೆ ಹೊರಳಿ ಹೊರಳಿ ಪೂರ್ತಿ ವೇಗದಲ್ಲಿ ಓಡಿ, ನೀರಿಗೆ ಸುಕ್ಕು ಮೂಡಿಸಬೇಕು. ಆ ಸುಕ್ಕು ಕಂಡರೆ ಇಳಿಯುವವನಿಗೆ ನೆಲ ಕಂಡ ಹಾಗೆ. ಆದರೆ ನೀರು ಹೊಲವಲ್ಲ; ಉತ್ತದ್ದು ಉತ್ತ ಹಾಗೆ ಉಳಿಯುವುದಿಲ್ಲ. ಐದು ನಿಮಿಷ, ಹೆಚ್ಚೆಂದರೆ ಆರು. ಆಮೇಲೆ ನೀರು ತನ್ನ ಗಾಯ ತಾನೇ ಮುಚ್ಚಿಕೊಳ್ಳುತ್ತದೆ, ಮತ್ತೆ ಉಳಬೇಕು. ಇದು ಕೊಲ್ಲಿಯ ಮಕ್ಕಳಿಗೂ ಗೊತ್ತು. ಅವನಿಗಂತೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಗೊತ್ತು. ಆರು ವಾರದ ಹಿಂದೆ, ಆ ದಿನ, ಲಾಕ್ಲನ್ ನಾಲ್ಕು ಗಂಟೆಗೆ ಉತ್ತ. ಚೆನ್ನಾಗಿಯೇ ಉತ್ತ. ಅಷ್ಟರಲ್ಲಿ ಕೊಲ್ಲಿಯ ಬಾಯಿಗೆ ಕಲ್ಲಿದ್ದಲಿನ ಹಡಗೊಂದು ಅಡ್ಡ ಬಂತು. ಹದಿಮೂರು ಗಂಟೆ ಸಮುದ್ರದ ಮೇಲೆ ಶತ್ರುವಿನ ಮುಳುಗುಹಡಗು ಹುಡುಕಿ ಸುಸ್ತಾಗಿ ಬಂದಿದ್ದ ಹಾರುದೋಣಿ ಬೆಟ್ಟ ಸುತ್ತಿ ಇನ್ನೊಂದು ಬಳಸು ಹೋಯಿತು. ಕಾಯಬೇಕು. ಕಾಯುವ ಹೊತ್ತಿಗೆ ಏನು ಮಾಡುವುದು? ಟಾರ್ಕ್ವಿಲ್ ಮೇಲೆ ಕೈ ತೋರಿಸಿ, “ಯಾರದು, ಪ್ರಾಸರ್ ಸಾಹೇಬರದಾ? ಈಗ ಒಳಗೆ ಏನು ಒದರ್ತಿರಬಹುದು, ಮಾಡು ನೋಡಣ,” ಎಂದ. ಇವನು ದೋಣಿಯ ಚಕ್ರ ಹಿಡಿದು, ಎದೆ ಹೊರಗೆ ಹಾಕಿ, ಶುರು ಮಾಡಿದ.

ದಂಡೆಯ ಗೋಪುರದಿಂದ ಹಸಿರು ದೀಪ ಮಿನುಗಿತು: ನೀರು ಸಿದ್ಧವೇ? ಉತ್ತು ಹನ್ನೆರಡು ನಿಮಿಷವಾಗುತ್ತ ಬಂದಿತ್ತು, ಆದರೆ ಮಾಡುತ್ತಿದ್ದ ಅಣಕವೂ ತುದಿಗೆ ಬಂದಿತ್ತು. ನಗು ಒಡೆಯುವ ಹಂತಕ್ಕೆ ಬಂದಾಗ ನಿಲ್ಲಿಸಬಾರದು, ನಿಲ್ಲಿಸಿದರೆ ಕೆಡುತ್ತದೆ. ಅದು ಅವನ ಕಸುಬಿನ ನಿಯಮ, ದೋಣಿಯ ನಿಯಮಕ್ಕಿಂತ ಹಳೆಯದು. ಬಾಯಿ ಪ್ರಾಸರನದಾಗಿರುವಾಗಲೇ ಕೈ ತಾನೇ ಹೋಗಿ ದೀಪದ ಗುಂಡಿ ಒತ್ತಿತು: ಸಿದ್ಧ. ಬಾಯಿಂದ ಇಲ್ಲಿ, “ಮಕ್ಕಳೇ, ಚಹಾ ಲೋಟ ಹಿಡ್ಕೊಳ್ಳೀ...” ಎಂದು ಹೊರಡುತ್ತಿತ್ತು, ಮೇಲೂ ಅದೇ ಹೊತ್ತಿಗೆ ಅವನು ಅದನ್ನೇ ಹೇಳುತ್ತಿದ್ದಿರಬೇಕು. ಟಾರ್ಕ್ವಿಲ್ ಹೊಟ್ಟೆ ಹಿಡಿದುಕೊಂಡು ದೋಣಿಯ ತಳದಲ್ಲಿ ಕೂತಿದ್ದ. ಆ ಹಾರುದೋಣಿ ಬೆಟ್ಟದ ಹಿಂದಿನಿಂದ ಬಂದು, ತನ್ನ ಪ್ರತಿಬಿಂಬದ ಕಡೆಗೆ ನೆಟ್ಟಗೆ, ಏನೂ ಅವಸರವಿಲ್ಲದ ಹಾಗೆ, ಮೂಗು ಎತ್ತದೆ ಇಳಿಯಿತು. ಎರಡು ಹಾರುದೋಣಿಗಳು, ಒಂದು ಮೇಲಿನದು ಒಂದು ಕೆಳಗಿನದು, ಒಂದನ್ನೊಂದು ತಬ್ಬಿಕೊಳ್ಳಲು ಬಂದ ಹಾಗೆ ಬಂದವು. ಸದ್ದು ಆಮೇಲೆ ಬಂತು. ಬೆನ್ನುಮೂಳೆ ಮುರಿದು ಎರಡು ತುಂಡಾಗಿ, ಮುಂದಿನದು ಕೂಡಲೇ ಮುಳುಗಿತು, ಬಾಲ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು. ಇವರು ಹೋಗುವಷ್ಟರಲ್ಲಿ ನೀರಿನ ಮೇಲೆ ಪೆಟ್ರೋಲಿನ ಬಣ್ಣ, ಒಂದು ಬೂಟು, ಬಾಣಲೆಯಿಂದ ಹಾರಿದ ಮೊಟ್ಟೆ ಹುರಿದದ್ದು. ಹನ್ನೊಂದು ಜನ ಸತ್ತರು. ಒಂಬತ್ತು ದೇಹ ಸಿಕ್ಕವು. ವಿಚಾರಣೆಯ ದಿನ ಮೂರು ಜನ ಅಧಿಕಾರಿಗಳು ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಕೂತು, “ನೀರು ಉತ್ತಿದ್ದಿರಾ?” ಎಂದು ದೋಣಿಯವರ ಮಾತಿನಲ್ಲೇ, ಹತ್ತಿರದವರಂತೆ, ಕೇಳಿದರು. “ಉತ್ತಿದ್ವಿ ಸಾರ್.” “ಸಂತೋಷ.” ಬರೆದುಕೊಂಡರು: ಚಾಲಕನು ಎತ್ತರ ಅಂದಾಜು ಮಾಡುವಲ್ಲಿ ತಪ್ಪಿದನು. ಲಾಕ್ಲನ್ ಅಲ್ಲಿಂದ ಹೊರಗೆ ಬಂದಾಗ ಕಾಲು ಹಗುರಾಗಿತ್ತು, ನಿಜವಾಗಿ ಹಗುರಾಗಿತ್ತು. ಅವತ್ತು ರಾತ್ರಿಯ ಊಟವನ್ನು ಎರಡು ಸಲ ಹಾಕಿಸಿಕೊಂಡು ಉಂಡ.

ಮಿಸೆಸ್ ಪ್ರಾಸರ್ ಕುಳ್ಳು ಹೆಂಗಸು. ಕಪ್ಪು ಕೋಟು, ಕಪ್ಪು ಟೋಪಿ, ಗಣಿಯ ಊರಿನವರಿಗೆ ಇರುವ ಹಾಗೆ ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಸಣ್ಣ ನೀಲಿ. ಹ್ಯಾಲಿಬರ್ಟನ್ ಅವಳ ಮೊಣಕೈ ಹಿಡಿದು ಗಾಜಿನ ಸಾಮಾನಿನಂತೆ ನಡೆಸಿಕೊಂಡು ಬಂದ. ದೋಣಿಗೆ ಇಳಿಸುವಾಗ ಅವಳು ಅವನ ಕೈ ಬಿಡಿಸಿಕೊಂಡು ಲಾಕ್ಲನ್‌ನ ಹೆಗಲನ್ನೇ ಹಿಡಿದು ಇಳಿದಳು. ಹಿಡಿತ ಗಟ್ಟಿಯಾಗಿತ್ತು. ಕೂತ ಮೇಲೆ ಟೋಪಿಗೆ ಕರವಸ್ತ್ರ ಕಟ್ಟಿಕೊಂಡು, ಮಡಿಲಲ್ಲಿ ಹೂವಿನ ಕಟ್ಟೊಂದು, ಬಿಸ್ಕತ್ತಿನ ಡಬ್ಬಿಯೊಂದು ಇಟ್ಟುಕೊಂಡು, ಅವನ ಮುಖವನ್ನೇ ನೋಡಿದಳು. ಎಲ್ಲೋ ನೋಡಿದ ಹಾಗಿದೆ ಎನ್ನುವಂತೆ ನೋಡಿದಳು.

“ನೀವೇನಾ ಮೆಕ್‌ಫೇಲ್?”

ಹೌದೆಂದು ತಲೆಯಾಡಿಸಿದ.

“ಮಾತು ಕಡಿಮೆಯೋ? ಗೆಥಿನ್ ಬೇರೆ ಥರ ಬರೆದಿದ್ದ.” ಅದೇ ರಾಗ. ಕೊನೆಯ ಅಕ್ಷರಕ್ಕೆ ಅದೇ ಏಣಿ. ತಾನು ಕದ್ದ ಮಾಲಿನ ಮೂಲ ಅಂಗಡಿಗೇ ಬಂದು ನಿಂತ ಹಾಗಾಯಿತು ಅವನಿಗೆ. “‘ಅಮ್ಮಾ, ಇಲ್ಲೊಬ್ಬ ದೋಣಿಯವನಿದ್ದಾನೆ, ನನಗಿಂತ ಚೆನ್ನಾಗಿ ನಾನಾಗ್ತಾನೆ. ಯುದ್ಧ ಮುಗಿದ ಮೇಲೆ ಮನೆಗೆ ಅವನನ್ನೇ ಕಳಿಸ್ತೀನಿ, ನಿಂಗೆ ಗೊತ್ತೂ ಆಗಲ್ಲ’ ಅಂತ ಬರೆದಿದ್ದ. ಓದಿ ಎಷ್ಟು ನಕ್ಕಿದ್ದೆ.” ಅವಳು ಡಬ್ಬಿ ತೆರೆದಳು. ಒಣದ್ರಾಕ್ಷಿ ಹಾಕಿ ಹಂಚಿನ ಮೇಲೆ ಬೇಯಿಸಿದ ಸಣ್ಣ ಸಣ್ಣ ಸಿಹಿ ರೊಟ್ಟಿಗಳು. “ತಗೊಳ್ಳಿ. ನೀವೂ ತಗೊಳ್ಳಿ. ಆರು ವಾರದ ಸಕ್ಕರೆ ಉಳಿಸಿ ಮಾಡಿದ್ದು. ನೀರಿಗೆ ಹಾಕಣ ಅಂತ ತಂದೆ, ಆಮೇಲೆ ರೈಲಿನಲ್ಲಿ ಕೂತು ಯೋಚನೆ ಮಾಡಿದೆ, ಮೀನಿಗೆ ಯಾಕೆ, ತಿನ್ನೋರು ತಿನ್ನಲಿ.”

ಟಾರ್ಕ್ವಿಲ್ ಎಂಜಿನ್ನಿನ ಮರೆಯಲ್ಲಿ ಬೆನ್ನು ತಿರುಗಿಸಿ ತಿಂದ. ಲಾಕ್ಲನ್‌ನ ಬಾಯಲ್ಲಿ ಆ ರೊಟ್ಟಿ ಸಿಹಿಯಾಗಿಯೇ ಇತ್ತು. ಅದೇ ಅವನಿಗೆ ಸಹಿಸಲಾಗದ್ದು. ಕಹಿಯಾಗಬೇಕಿತ್ತು, ಗಂಟಲಿಗೆ ಸಿಗಬೇಕಿತ್ತು. ಬೆಣ್ಣೆ, ಸಕ್ಕರೆ, ಸ್ವಲ್ಪ ಜಾಜಿಕಾಯಿ. ನಾಲಿಗೆ ಯಾವ ನಾಚಿಕೆಯೂ ಇಲ್ಲದೆ ಇನ್ನೊಂದು ಬೇಕೆಂದಿತು. ಅವಳು ಕೇಳದೆಯೇ ಇನ್ನೊಂದು ಕೊಟ್ಟಳು.

ದಾರಿಯುದ್ದಕ್ಕೂ ಅವಳು ಮಾತಾಡಿದಳು. ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ರೈಲಿನಲ್ಲಿ ಜಾಗ ಬಿಟ್ಟುಕೊಟ್ಟ ಸೈನಿಕ, ಸಿಗದ ಚಹಾ, ಮಗನ ಕೋಣೆಗೆ ಬಂದು ಉಳಿದಿರುವ ಬಾಂಬು ಬಿದ್ದ ಊರಿನ ಮುದುಕಿ. ಆಮೇಲೆ ದನಿ ತಗ್ಗಿಸದೆ, ಅದೇ ಸರಾಗದಲ್ಲಿ, ಕೋಟಿನ ಒಳಜೇಬಿನಿಂದ ಒಂದು ಕಾಗದ ತೆಗೆದು, ಬಿಚ್ಚದೆ, ತೊಡೆಯ ಮೇಲಿಟ್ಟು ಅಂಗೈಯಿಂದ ಒತ್ತಿಕೊಂಡಳು. ಲೀಡ್ಸ್ ಊರಿನ ಟ್ರಾಮು ಓಡಿಸುವವನೊಬ್ಬನದು, ಆರ್ಕ್‌ರೈಟ್ ಅಂತ. ಗೆಥಿನ್‌ನ ಹಾರುದೋಣಿಯ ಬಾಲದಲ್ಲಿ ಬಂದೂಕು ಹಿಡಿದು ಕೂರುತ್ತಿದ್ದವನ ಅಪ್ಪ. “ಕೆಟ್ಟ ಮಾತೇನೂ ಬರೆದಿಲ್ಲ ಪಾಪ. ಮರ್ಯಾದೆಯಾಗೇ ಬರೆದಿದ್ದಾರೆ. ‘ಅಮ್ಮಾ, ನಿಮ್ಮ ಮಗ ನನ್ನ ಮಗನನ್ನು ಕೊಂದ. ನಿಮಗೆ ಗೊತ್ತಿರಲಿ ಅಂತ ಬರೆದೆ.’ ಅಷ್ಟೇ. ಏನು ಉತ್ತರ ಬರೀಲಿ ಹೇಳಿ? ನಾಲ್ಕು ಸಲ ಕೂತೆ. ‘ಕ್ಷಮಿಸಿ’ ಅಂತ ಬರೆದ್ರೆ ನನ್ನ ಮಗ ತಪ್ಪು ಮಾಡಿದ ಅಂತ ನಾನೇ ಒಪ್ಪಿದ ಹಾಗೆ. ಬರೀದೆ ಇದ್ರೆ, ಪಾಪ, ಅವರೂ ಮಗನ್ನ ಕಳ್ಕೊಂಡೋರು. ಅದಕ್ಕೇ ಬಂದೆ. ನೀರು ನೋಡಿದ್ರೆ ಏನಾದ್ರೂ ತಿಳೀಬಹುದು ಅಂತ. ಹುಚ್ಚು, ಅಲ್ವಾ?”

ಆ ಜಾಗಕ್ಕೆ ಬಂದಾಗ ಅವನು ಕೈಯೆತ್ತಿದ, ಟಾರ್ಕ್ವಿಲ್ ಎಂಜಿನ್ನು ನಿಲ್ಲಿಸಿದ. ಜಾಗವೆಂದರೇನು, ಎಲ್ಲ ಕಡೆಯಂಥದೇ ನೀರು. ಅವಳು ಹೂವಿನ ಕಟ್ಟು ಬಿಚ್ಚಿ, ಒಂದೊಂದಾಗಿ ಅಲ್ಲ, ಒಟ್ಟಿಗೆ, ಮುಸುರೆ ಚೆಲ್ಲಿದ ಹಾಗೆ ಚೆಲ್ಲಿದಳು. ಸ್ವಲ್ಪ ಹೊತ್ತು ನೋಡಿದಳು. ನೀರು ಏನೂ ತಿಳಿಸಲಿಲ್ಲ. ಹೂವುಗಳು ದೋಣಿಯ ಮೈಗೇ ಅಂಟಿಕೊಂಡು ನಿಂತವು.

“ಈಗ ಮಾಡಿ,” ಎಂದಳು.

“ಏನು ತಾಯಿ?”

“ಅವನನ್ನ.”

ಟಾರ್ಕ್ವಿಲ್‌ನ ಕೈಯಿಂದ ಏನೋ ದೋಣಿಯ ತಳಕ್ಕೆ ಬಿತ್ತು. “ಅಮ್ಮಾವ್ರೇ, ಬೇಡಿ. ಅದು... ತಮಾಷೆಗೆ ಮಾಡೋದು. ಇಂಥ ಹೊತ್ತಲ್ಲಿ...” ಎಂದ.

“ತಮಾಷೆಗೇ ಮಾಡಲಿ. ನಾನು ಅಳೋದಕ್ಕೆ ಇಷ್ಟು ದೂರ ಬರಬೇಕಿತ್ತಾ? ಅಳೋದನ್ನ ಮನೇಲೇ ಚೆನ್ನಾಗಿ ಅಳ್ತೀನಿ.” ಇವನ ಕಡೆ ತಿರುಗಿ, “ನನ್ನ ಹತ್ರ ಅವನ ಫೋಟೋ ಇದೆ, ಕೋಟಿದೆ, ಹಲ್ಲುಜ್ಜೋ ಕುಂಚ ಕೂಡ ಕಳಿಸಿದ್ರು ನಿಮ್ಮ ಸಾಹೇಬ್ರು. ಧ್ವನಿ ಇಲ್ಲ. ಧ್ವನಿ ಇರೋದು ನಿಮ್ಮೊಬ್ಬರ ಹತ್ರ. ಕೊಡಿ.”

ಇಲ್ಲವೆನ್ನಲು ಬಾಯಿ ತೆರೆದ. ಪ್ರಾಸರ್ ಹೊಸ್ತಿಲಲ್ಲೇ ಕಾದಿದ್ದ. ಮೊದಲ ಮಾತಿಗೇ ಅವಳ ಎರಡು ಕೈಯೂ ಬಾಯಿಗೆ ಹೋದವು. “ಮಕ್ಕಳೇ, ಚಹಾ ಲೋಟ ಹಿಡ್ಕೊಳ್ಳೀ, ಕಾಲು ಮಡಚ್ಕೊಳ್ಳೀ, ಅಡುಗೆ ಭಟ್ಟರು ಮೊಟ್ಟೆಗೆ ಪ್ರಾರ್ಥನೆ ಹೇಳೀ! ನೀರಜ್ಜಿ ಮಡಿಲಿಗೆ ಹೋಗ್ತಾ ಇದ್ದೀವೀ. ಅಜ್ಜಿ ಇವತ್ತು ಹೊಸ ಲಂಗ ತೊಟ್ಟಿದ್ದಾಳೆ, ಯಾರೂ ಕಾಲು ಒರೆಸದೆ ಹತ್ತಬೇಡೀ ಅಂತೀನೀ! ನನ್ನ ಇಳಿತ ಚೆನ್ನಾಗಿದ್ರೆ ನನಗೆ ಚಪ್ಪಾಳೆ, ಕೆಟ್ಟರೆ ಗಾಳಿಗೆ ಬೈಗುಳಾ...” ಅವಳು ನಗುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಭುಜ ಕುಣಿಯುತ್ತಿತ್ತು, “ಅಯ್ಯೋ, ಅಯ್ಯೋ, ಅಪ್ಪನ ಥರಾನೇ, ಚಾಪೆಲಿನ ಪ್ರಾರ್ಥನೇಲಿ ಅವರಪ್ಪ ಹೀಗೇ...” ಎಂದು ತೊಡೆ ಬಡಿದುಕೊಂಡಳು. ಅವಳ ನಗು ಅವನ ಮೈಯಲ್ಲಿ ಹಳೆಯ ಬಿಸುಪನ್ನು ಹರಿಸಿತು. ಎಂಥ ನಾಚಿಕೆಗೇಡು, ಆ ಬಿಸುಪು ಹರಿಯಿತು! ಗಂಟಲು ಸಡಿಲವಾಯಿತು, ಎದೆ ತಾನೇ ಹೊರಗೆ ಬಂತು, ಆರು ವಾರದಲ್ಲಿ ಮೊದಲ ಸಲ ಅವನು ಬಂದದ್ದು ಇವನಿಗೂ ಬೇಕೆನಿಸಿತು.

ನಗು ನಿಂತಿತು. ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಮುಂದಕ್ಕೆ ಬಾಗಿ, ಇವನ ಮುಖಕ್ಕಲ್ಲ, ಬಾಯಿಗೆ ಹೇಳಿದಳು:

“ಗೆಥಿನ್, ಮಗಾ. ನಿನ್ನದೇ ತಪ್ಪು ಅಂತಾರಲ್ಲೋ ಇವರು. ಹೌದೇನೋ?”

ಟಾರ್ಕ್ವಿಲ್ ಎದ್ದು ನಿಂತ. ದೋಣಿ ಒಂದು ಕಡೆ ವಾಲಿ ಸರಿಯಾಯಿತು. ಇದು ಹೀಗೆ ಬರುತ್ತದೆಂದು ಲಾಕ್ಲನ್ ಅಂದುಕೊಂಡಿರಲಿಲ್ಲ. ಪ್ರಶ್ನೆ ತನಗೆ ಬಂದರೆ ತಲೆ ತಗ್ಗಿಸಬಹುದಿತ್ತು. ಇದು ಅವನಿಗೆ ಬಂದ ಪ್ರಶ್ನೆ, ಉತ್ತರ ಹೇಳಬೇಕಾದವನು ನೀರಿನಡಿ ಇದ್ದಾನೆ, ಅವನ ನಾಲಿಗೆ ತನ್ನ ಬಾಯಲ್ಲಿದೆ. ಒಂದೇ ಒಂದು ಮಾತು ಸಾಕು. ಅವಳು ಲೀಡ್ಸಿಗೆ ಕ್ಷಮಾಪಣೆ ಬರೆಯುತ್ತಾಳೆ, ಮನೆಗೆ ಹೋಗುತ್ತಾಳೆ, ಟಾರ್ಕ್ವಿಲ್‌ನ ಮೂರು ಹೆಣ್ಣುಮಕ್ಕಳು ಮೂರು ಹೊತ್ತು ಉಣ್ಣುತ್ತಾರೆ. ಸತ್ತವನಿಗೆ ಇನ್ನೇನು ನಷ್ಟ? ಆಯ್ದುಕೊಂಡೆನೆಂದು ಅವನಿಗೆ ಅನಿಸಲೇ ಇಲ್ಲ. ಅವತ್ತು ಕೈ ತಾನೇ ದೀಪದ ಗುಂಡಿಗೆ ಹೋದ ಹಾಗೆ ಬಾಯಿ ತಾನೇ ಹೋಯಿತು.

“ಹೌದಮ್ಮಾ. ನಂದೇ ತಪ್ಪು. ನೀರು ಕನ್ನಡಿ ಥರ ಇತ್ತು, ನಾನೇ ಅಂದಾಜು ತಪ್ಪಿದೆ ಅಂತೀನೀ.”

ಒಂದಿಷ್ಟೂ ತಪ್ಪಿರಲಿಲ್ಲ. ಉಸಿರು, ಮೂಗು, ಏಣಿ, ಎಲ್ಲ ಅವನದೇ. ಅಷ್ಟು ಚೆನ್ನಾಗಿ ಅವನು ಎಂದೂ ಮಾಡಿರಲಿಲ್ಲ.

ಅವಳು ಹಿಂದಕ್ಕೆ ಸರಿದು ಕೂತಳು. ಕರವಸ್ತ್ರದ ಗಂಟು ಬಿಚ್ಚಿ, ಮತ್ತೆ ಕಟ್ಟಿಕೊಂಡಳು. “ಇಲ್ಲ,” ಎಂದಳು ನಿಧಾನವಾಗಿ. “ಒಂಬತ್ತನೇ ವಯಸ್ಸಲ್ಲಿ ಕಾಲುವೆಗೆ ಬಿದ್ದ. ಎತ್ತಿ ತಂದು ನಿಲ್ಲಿಸಿದ್ರೆ, ‘ಕಾಲುವೆ ಅಡ್ಡ ಬಂತಮ್ಮಾ’ ಅಂದ. ಚಾಪೆಲಿನ ಕಿಟಕಿ ಒಡೆದ, ಗುಬ್ಬಿ ಒಡೀತಂತೆ. ಪರೀಕ್ಷೆ ಹೋಯ್ತು, ಮೇಷ್ಟ್ರಿಗೆ ಕೆಮ್ಮಿತ್ತಂತೆ. ಈಗ ನೀವೇ ಮಾಡಿದ್ರಲ್ಲ, ಕೆಟ್ಟರೆ ಗಾಳಿಗೆ ಬೈಗುಳ ಅಂತ. ಅದು ಅವನು. ಇಪ್ಪತ್ತಾರು ವರ್ಷದಲ್ಲಿ ‘ನಂದೇ ತಪ್ಪು’ ಅನ್ನೋ ಮಾತು ಆ ಬಾಯಲ್ಲಿ ಒಂದು ದಿನ ಬಂದದ್ದಿಲ್ಲ. ಬರಲಿ ಅಂತ ನಾನು ಕೋಲು ಮುರಿದಿದ್ದೀನಿ.” ಈಗ ಅವಳು ಅವನ ಬಾಯನ್ನು ಬಿಟ್ಟು ಕಣ್ಣು ನೋಡಿದಳು. “ಧ್ವನಿ ಅವನದು. ಮಾತು ಯಾರದು?”

ಹೂವು ದೋಣಿಯ ಮೈ ಬಿಟ್ಟು ಸ್ವಲ್ಪ ದೂರ ಹೋಗಿತ್ತು. ಉತ್ತರ ಬರುವವರೆಗೆ ಅವಳು ಕದಲುವುದಿಲ್ಲವೆಂದು ಗೊತ್ತಾಯಿತು. ಗಣಿಯ ಬಾಯಲ್ಲಿ ನಿಂತು, ಒಳಗೆ ಹೋದವನು ಮೇಲೆ ಬರುವ ತನಕ ಕಾದವಳು ಅವಳು.

“ನಂದು,” ಎಂದ.

ಆಮೇಲೆ ಹೇಳಿದ. ಸರಾಗವಾಗಿ ಅಲ್ಲ. ಅವನ ಸ್ವಂತ ಧ್ವನಿಗೆ ಅಭ್ಯಾಸವೇ ಇರಲಿಲ್ಲ; ಪದ ಪದಕ್ಕೂ ತಡವರಿಸಿತು, ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ತಿಳಿಯದೆ ಒಂದೇ ಮಟ್ಟದಲ್ಲಿ ತೆವಳಿತು. ನೀರು ಉಳುವುದೆಂದರೇನು, ಉತ್ತದ್ದು ಎಷ್ಟು ಹೊತ್ತು ನಿಲ್ಲುತ್ತದೆ, ಕಲ್ಲಿದ್ದಲ ಹಡಗು, ಹನ್ನೆರಡು ನಿಮಿಷ, ಹಸಿರು ದೀಪ. ಹೇಳುವಾಗ ಟಾರ್ಕ್ವಿಲ್ ಒಂದು ಸಲ “ಲಾಕಿ” ಎಂದ, ಆಮೇಲೆ ಕೂತುಬಿಟ್ಟ.

ಅವಳು ಪೂರ್ತಿ ಕೇಳಿದಳು. ಕೂಗಲಿಲ್ಲ. ಅಂಗಡಿಯವನ ಲೆಕ್ಕ ತಪ್ಪಿದಾಗ ಕೇಳುವ ಹಾಗೆ ಕೇಳಿದಳು: “ಆ ಹನ್ನೆರಡು ನಿಮಿಷ ಏನು ಮಾಡ್ತಾ ಇದ್ರಿ?”

ಇದನ್ನು ಯಾರೂ ಕೇಳಿರಲಿಲ್ಲ. ಹಸಿರು ಬಟ್ಟೆಯ ಮೇಜಿನ ಹಿಂದಿನವರಿಗೂ ಹೊಳೆದಿರಲಿಲ್ಲ. ನಿದ್ದೆ ಬಂದಿತ್ತು ಎನ್ನಬಹುದಿತ್ತು. ಸಿಗರೇಟು ಸೇದುತ್ತಿದ್ದೆ ಎನ್ನಬಹುದಿತ್ತು. ತಪ್ಪಿಗೂ ಒಂದು ಮರ್ಯಾದೆ ಬೇಕಲ್ಲ. ಲಾಕ್ಲನ್ ದೋಣಿಯ ಚಕ್ರವನ್ನು ನೋಡಿದ.

“ನಿಮ್ಮ ಮಗನನ್ನು ಮಾಡ್ತಾ ಇದ್ದೆ.”

ಅವಳ ತುಟಿ ಬಿಗಿಯಿತು, ಸಡಿಲವಾಯಿತು. “ಈಗ ಮಾಡಿದ್ದಾ? ಅದೇನಾ? ಚಹಾ ಲೋಟ, ನೀರಜ್ಜಿ?”

“ಅದೇ ತಾಯಿ.”

“ನಾನು ನಕ್ಕೆನಲ್ಲ,” ಎಂದಳು. ಅವನಿಗಲ್ಲ, ಯಾರಿಗೂ ಅಲ್ಲ. ಕೈಗಳನ್ನು ತೊಡೆಯ ಮೇಲೆ ಬೋರಲು ಹಾಕಿ ನೋಡಿಕೊಂಡಳು, ಆಗ ತೊಡೆ ಬಡಿದ ಕೈಗಳನ್ನು. ಆಮೇಲೆ ರೊಟ್ಟಿಯ ಡಬ್ಬಿಯ ಮುಚ್ಚಳ ಹಾಕಿದಳು. ಹಾಕುವಾಗ ಅದು ಸರಿಯಾಗಿ ಕೂರದೆ, ಎರಡು ಸಲ ಒತ್ತಬೇಕಾಯಿತು. “ಹೋಗಣ.”

ಹಿಂದಿರುಗುವ ದಾರಿಯಲ್ಲಿ ಅವಳು ದಂಡೆಯ ಕಡೆ ಮುಖ ಮಾಡಿ, ಇವನಿಗೆ ಬೆನ್ನು ಕೊಟ್ಟು ಕೂತಳು. ಅವಳು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು. ಹೊಡೆದಿದ್ದರೆ ಇನ್ನೂ ಒಳ್ಳೆಯದಿತ್ತು. ಅಂಗೈ ಚಾಚುವುದು ಅವನಿಗೆ ಏಳನೇ ವಯಸ್ಸಿನಿಂದ ಗೊತ್ತು. ಟೋಪಿಯ ಕೆಳಗೆ ಅವಳ ಕತ್ತಿನ ಹಿಂಭಾಗದಲ್ಲಿ ಬಿಳಿ ಕೂದಲು ಗಾಳಿಗೆ ಹಾರುತ್ತಿತ್ತು. ಹಗುರಾದೀತೆಂದು ಅಂದುಕೊಂಡಿದ್ದ, ಆಗಲಿಲ್ಲ. ಭಾರ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಗಿರಲಿಲ್ಲ, ಇಬ್ಬರ ಮೇಲೂ ಪೂರ್ತಿ ಪೂರ್ತಿ ಕೂತಿತ್ತು.

ದಂಡೆಯಲ್ಲಿ ಹ್ಯಾಲಿಬರ್ಟನ್ ಟೋಪಿ ತೆಗೆದು ಕಂಕುಳಲ್ಲಿಟ್ಟು ಕಾಯುತ್ತಿದ್ದ. ಲಾಕ್ಲನ್ ಕೈ ನೀಡಿದ. ಅವಳು ನೋಡದೆ, ಹಗ್ಗದ ಕಂಬ ಹಿಡಿದು, ಎರಡು ಸಲ ಜಾರಿ, ತಾನೇ ಹತ್ತಿದಳು.

“ಎಲ್ಲ ಸರಿಯಾಗಿ ಆಯ್ತೇ ಅಮ್ಮ?”

“ಆಯ್ತು. ಬಸ್ಸು ಎಷ್ಟು ಗಂಟೆಗೆ?”

“ಎರಡೂವರೆಗೆ. ಅಷ್ಟರಲ್ಲಿ ಊಟ...”

“ಹಾಗಾದ್ರೆ ಹೊತ್ತಿದೆ.” ಲೀಡ್ಸಿನ ಕಾಗದವನ್ನು ಜೇಬಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಇವರು ನಿಮ್ಮ ಹತ್ರ ಏನೋ ಹೇಳ್ಬೇಕಂತೆ. ನನ್ನ ಮುಂದೇ ಹೇಳಲಿ. ಬರೆದುಕೊಳ್ಳೋದಕ್ಕೆ ಕಾಗದ ತರಿಸಿ.”

ಲಾಕ್ಲನ್ ಮೆಟ್ಟಿಲು ಹತ್ತಿ ಬಂದ. ಹಿಂದೆ ದೋಣಿಯಲ್ಲಿ ಟಾರ್ಕ್ವಿಲ್ ಸುತ್ತಿದ್ದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಹ್ಯಾಲಿಬರ್ಟನ್ ತಿರುಗಿದ. ಮುಖದಲ್ಲಿ ಆ ಹೊತ್ತಿಗೆ ತಕ್ಕ ದುಃಖವಿತ್ತು. ಆದರೆ ಲಾಕ್ಲನ್ ಬಾಯಿ ತೆರೆದದ್ದೇ, ಅಣಕ ಕೇಳಿ ನಕ್ಕ ಮೂರು ವರ್ಷದ ಅಭ್ಯಾಸದಿಂದ ಹ್ಯಾಲಿಬರ್ಟನ್‌ನ ತುಟಿಯ ಎರಡೂ ಕೊನೆ ತಾವಾಗಿ ಸ್ವಲ್ಪ ಮೇಲೆದ್ದವು. ತಾಯಿಯ ಮುಂದೆ ತಪ್ಪೆಂದು ಹೊಳೆದು ಅವನ್ನು ಕೆಳಗಿಳಿಸಿದ, ಅವು ಮತ್ತೆ ಎದ್ದವು.

“ಸಾರ್, ಅವತ್ತು ನಾವು ನೀರು ಉತ್ತದ್ದು ನಾಲ್ಕು ಗಂಟೆಗೆ. ಸಾಹೇಬರು ಇಳಿದದ್ದು ನಾಲ್ಕು ಹನ್ನೆರಡಕ್ಕೆ,” ಎಂದ ಲಾಕ್ಲನ್, ಆ ಒರಟು, ಚಪ್ಪಟೆ, ಯಾರೂ ಕೇಳಿರದ ದನಿಯಲ್ಲಿ. “ಸಿದ್ಧ ಅಂತ ದೀಪ ತೋರಿಸಿದ್ದು ನಾನು. ನೀರು ಸಿದ್ಧ ಇರಲಿಲ್ಲ.”

ಹ್ಯಾಲಿಬರ್ಟನ್ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣು ಕಿರಿದು ಮಾಡಿ, ಇದು ಯಾರ ಧ್ವನಿಯೆಂದು ಗುರುತು ಹಿಡಿಯಲು ನೋಡುತ್ತಿದ್ದ.